ವೀರರಿಗೆ ಪ್ರತಿಮೆ, ಹಾಡಿದವರಿಗೆ ಹದಿನೈದು ನಿಮಿಷ

ತುಳುನಾಡಿನ ಅವಳಿ ವೀರರಾದ ಕೋಟಿ-ಚೆನ್ನಯರು ಪಡುಮಲೆಯಲ್ಲಿ ಹುಟ್ಟಿದ್ದು, ಅರಸ ಪೆರುಮಳೆ ಬಲ್ಲಾಳನೊಂದಿಗೆ ಸೆಣಸಿದ್ದು, ಎಣ್ಮೂರಿನಲ್ಲಿ ಮಡಿದದ್ದು ನಮಗೆ ಗೊತ್ತಿರುವುದು ಬಹುಪಾಲು ಪಾಡ್ದನ ಎಂಬ ತುಳು ಕಥನಗೀತೆಯಿಂದ. ಆ ಪಾಡ್ದನವನ್ನು ಕಾಪಾಡಿದವರು ದೈವ ಕಟ್ಟುವ ಪಂಬದರು, ಪರವರು, ನಲಿಕೆಯವರು, ನೇಜಿ ನೆಡಲು ಗದ್ದೆಗಿಳಿದ ಹೆಂಗಸರು. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಪಾಡ್ದನಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು, ಬರ್ನೆಲ್ ಸಂಗ್ರಹಿಸಿದ್ದು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕಂತುಕಂತಾಗಿ ಬಂದದ್ದು, ಪಂಜೆ ಮಂಗೇಶರಾಯರು ಕನ್ನಡದಲ್ಲಿ ಕಥೆ ಬರೆದದ್ದು, 1973ರಲ್ಲಿ ತುಳು ಸಿನಿಮಾ ಬಂದದ್ದು, 2007ರಲ್ಲಿ ಮತ್ತೊಂದು ಬಂದದ್ದು, ಎಲ್ಲವೂ ಆ ಕಂಠಗಳ ಸಾಲದಲ್ಲೇ. ಈಗ ಕಾರ್ಕಳದಲ್ಲಿ ಆ ವೀರರ ಹೆಸರಲ್ಲಿ ಒಂದು ಥೀಮ್ ಪಾರ್ಕೇ ಇದೆ. ಸಾಲ ಕೊಟ್ಟವರನ್ನು ಮಾತ್ರ ಅಲ್ಲಿ ಹುಡುಕಬೇಕು. ಉತ್ಸವ ಬಂದಾಗ ಅವರೂ ಬಂದಿರುತ್ತಾರೆ, ಆಮಂತ್ರಣ ಪತ್ರಿಕೆಯ ‘ವಿವಿಧ ಕಲಾತಂಡಗಳೊಂದಿಗೆ ಭವ್ಯ ಮೆರವಣಿಗೆ’ ಎಂಬ ಒಂದು ಸಾಲಿನೊಳಗೆ.

ಕೊಂಬು, ತಾಸೆ, ಡೋಲು, ಚೆಂಡೆ, ತಟ್ಟಿರಾಯ, ಹುಲಿವೇಷ ಎಲ್ಲವನ್ನೂ ಒಂದೇ ಲಾರಿಯಲ್ಲಿ ತಂದಿಳಿಸುವ ಈ ಪದ್ಧತಿಗೆ ಈಗ ಸಾಕಷ್ಟು ವಯಸ್ಸಾಗಿದೆ. ಅದನ್ನೂ ಒಂದು ಪರಂಪರೆ ಎಂದೇ ಎಣಿಸಿ, ಅದರ ಗುಣದೋಷ ನೋಡುವ ಹೊತ್ತಾಯಿತು. ಅದಕ್ಕೆ ಹೊರಗೊಂದು ಹಳೆಯ ಮಾದರಿಯಿದೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹೇಝೇಲಿಯಸ್ ಎಂಬಾತ 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದ. ಹಳ್ಳಿಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ, ಅವುಗಳ ಮುಂದೆ ಹಳ್ಳಿಯ ಉಡುಪು ತೊಟ್ಟವರನ್ನು ಕುಣಿಸಿದ, ನುಡಿಸಿದ. 1910ರಲ್ಲಿ ಅಲ್ಲೇ ದೇಶದ ನಾನಾ ಕಡೆಯ ಪಿಟೀಲುಗಾರರ ದೊಡ್ಡ ಕೂಟ ನಡೆಯಿತು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು, ಮಂಗಳೂರಿನ ಪಿಲಿಕುಳದಲ್ಲಿ ಹಳೆಯ ಜಮೀನ್ದಾರಿ ಮಾದರಿಯ ಗುತ್ತಿನ ಮನೆ ಎದ್ದಿತು, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಒಂದೊಂದಾಗಿ ಎತ್ತಿ ತಂದು ನಿಲ್ಲಿಸಿದರು. ಶೆಣೈ ಅವರ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೆ ಮನೆ ಮರದ್ದು. ಕಂಬಕ್ಕೆ, ತೊಲೆಗೆ ನಂಬರು ಹಾಕಿ ಬಿಚ್ಚಿದರೆ ಇನ್ನೊಂದು ಕಡೆ ಅದೇ ಮನೆ ಏಳುತ್ತದೆ. ದೈವಾರಾಧನೆಯ ನೇಮದ ವಾದ್ಯಕ್ಕೆ ಹಾಗೆ ನಂಬರು ಹಾಕಲು ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂಬುದು ಒಂದು ರಾತ್ರಿ ಪೂರ್ತಿ ನೇಮದಲ್ಲಿ ಕೂತವರಿಗೆ ಗೊತ್ತು. ಸಂಜೆಗೆ ದೈವ ಕಟ್ಟುವವನಿಗೆ ಎಣ್ಣೆ, ವೀಳ್ಯ ಕೊಡುವ ಎಣ್ಣೆ ಬೂಳ್ಯ ಆಗುತ್ತದೆ. ಅವನು ಮೋರೆಗೆ ಅರದಾಳದ ಬಣ್ಣ ಬಳಿದುಕೊಳ್ಳುತ್ತಿರುವಾಗ ಅವನ ಮನೆಯ ಹೆಂಗಸು, ತಾಯಿಯೋ ಹೆಂಡತಿಯೋ, ತೆಂಬರೆ ಎಂಬ ಪುಟ್ಟ ವಾದ್ಯ ಹಿಡಿದು ಪಾಡ್ದನ ಸುರುಮಾಡುತ್ತಾಳೆ. ಅದು ಪ್ರೇಕ್ಷಕರಿಗೆ ಹಾಡುವ ಹಾಡಲ್ಲ. ಬಣ್ಣದ ಕೆಲಸ ನಿಧಾನವಾದರೆ ಹಾಡೂ ನಿಧಾನ. ಕಾಲಿಗೆ ಗಗ್ಗರ ಕಟ್ಟಿದ ಮೇಲೆ ನಾಗಸ್ವರ, ತಾಸೆಗಳ ಪಾಳಿ. ಆಗ ವಾದ್ಯದವರ ಕಣ್ಣು ದೈವದ ಕಾಲಿನ ಮೇಲೆ. ಹೆಜ್ಜೆ ಬದಲಾದರೆ ಪೆಟ್ಟು ಬದಲಾಗಬೇಕು, ದೈವ ನುಡಿ ಕೊಡಲು ನಿಂತರೆ ಕೋಲು ಅಲ್ಲಲ್ಲೇ ತಡೆಯಬೇಕು. ನಡುರಾತ್ರಿಯಲ್ಲಿ ಅರ್ಧ ಗಂಟೆ ಏನೂ ನಡೆಯದೆ, ತಾಸೆಯ ಒಂದೇ ವರಸೆ ಸುತ್ತಿ ಸುತ್ತಿ ಬರುವುದೂ ಉಂಟು. ಬೇಜಾರು ಬರಿಸುವ ಆ ಅರ್ಧ ಗಂಟೆಯೇ ದೈವದ ಬೆನ್ನಿಗೆ ಅಣಿ ಏರಿದಾಗಿನ ಅಬ್ಬರಕ್ಕೆ ತಳಪಾಯ. ಮೆರವಣಿಗೆಯ ಕಲೆ ಮೊದಲು ಕತ್ತರಿಸುವುದು ಇದನ್ನೇ. ಅಲ್ಲಿ ತಾಸೆ ಮೊದಲ ಪೆಟ್ಟಿನಿಂದಲೇ ಏರುಗತಿಯಲ್ಲಿರುತ್ತದೆ, ಕೊನೆಯವರೆಗೂ ಅಲ್ಲೇ ಇರುತ್ತದೆ. ವಾದ್ಯದವನ ಕಣ್ಣೂ ಕಾಲು ಬಿಟ್ಟು ಮೊಬೈಲ್ ಎತ್ತಿದವರ ಕಡೆ ಹೊರಳುತ್ತದೆ. ಕೇಳುವವರಿಗೆ ಅದು ಜೋರು, ಬಲ್ಲವರಿಗೆ ಅದು ಬರೀ ಗದ್ದಲ.

ಹೆಸರು ಬೇಡದ ಒಂದು ಉತ್ಸವದಲ್ಲಿ ವೇದಿಕೆಯ ಹಿಂದೆ ಡೋಲಿನವರು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಹರಿದು ಬೆಂಕಿ ಮಾಡಿದ್ದರು. ರಾತ್ರಿಯ ಮಂಜಿಗೆ ಚರ್ಮ ಸಡಿಲಾಗಿತ್ತು, ಕಾಯಿಸದೆ ನಾದ ಏಳುವಂತಿರಲಿಲ್ಲ. ಕೊರಳಲ್ಲಿ ಬ್ಯಾಡ್ಜ್ ಹಾಕಿದ ಹುಡುಗನೊಬ್ಬ ಓಡಿ ಬಂದು, ಪೆಂಡಾಲಿನ ಹತ್ತಿರ ಬೆಂಕಿ ಕೂಡದು ಎಂದು ಬಾಟಲಿ ನೀರು ಸುರಿದ. ಅವನದೂ ತಪ್ಪಲ್ಲ, ಪೆಂಡಾಲು ಬಟ್ಟೆಯದು. ಅವತ್ತು ಡೋಲು ಡಬ್ಬ ಬಡಿದ ಹಾಗೆ ಕೇಳಿತು, ನಿರೂಪಕಿ ‘ಜೋರಾದ ಚಪ್ಪಾಳೆ’ ಕೇಳಿದರು, ಚಪ್ಪಾಳೆ ಬಿತ್ತು. ಆ ವಾದ್ಯಕ್ಕೆ ಮೊದಲು ಬೇಕಾದದ್ದು ಮೈಕಲ್ಲ, ಬೆಂಕಿ ಹಾಕಲು ಒಂದು ಮೂಲೆ. ಕಾರ್ಯಕ್ರಮದ ಪಟ್ಟಿ ಮಾಡಿದವರ ಪೈಕಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಇಷ್ಟು ಹೇಳಿ, ಮೂಲದಲ್ಲೇ ಎಲ್ಲ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವ ವಿಮರ್ಶಕರೂ ಇದ್ದಾರೆ. ಅವರ ಪಂಕ್ತಿಯಲ್ಲಿ ನಾನು ಕೂರಲಾರೆ. ಕೊರಗ ಸಮುದಾಯದ ಡೋಲನ್ನೇ ನೋಡಿ. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಇಬ್ಬನಿಗೆ ಕೂತು ಬೆಳಗಿನವರೆಗೆ ಡೋಲು ಬಾರಿಸುವ ‘ಪನಿಕುಲ್ಲುನಿ’ ಎಂಬ ಪದ್ಧತಿ ಇತ್ತು. ಅದು ಕಲೆ ಎಂದು ಬಾರಿಸಿದ್ದಲ್ಲ, ಅಜಲು ಎಂಬ ಬಿಟ್ಟಿ ಚಾಕರಿ. ಬಾರಿಸಿದವರಿಗೆ ದಕ್ಕಿದ್ದು ಎಂಜಲು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಹೀನ ಆಚರಣೆಯೂ ಸೇರಿದ್ದ ಆ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ ಕಾಯ್ದೆ ಬಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಊರಿನ ಅಪ್ಪಣೆಗೆ ಇನ್ನು ಡೋಲು ಹೊರುವುದಿಲ್ಲ ಎಂದು ಕೊರಗರೇ ಹೇಳಿದಾಗ ‘ಕಲೆ ನಾಶವಾಗುತ್ತಿದೆ’ ಎಂದು ಕಣ್ಣೀರು ಸುರಿಸಿದವರಲ್ಲಿ ಹೆಚ್ಚಿನವರು ಆ ಡೋಲನ್ನು ಮುಟ್ಟಿದವರೂ ಅಲ್ಲ. ಅದೇ ಡೋಲನ್ನು ಗಜಮೇಳ ಎಂಬ ಹೆಸರಿನಲ್ಲಿ ತಮ್ಮದೇ ತಂಡ ಕಟ್ಟಿ, ಸಂಭಾವನೆಯ ವೀಳ್ಯ ಮಾತಾಡಿ, ಸಮವಸ್ತ್ರ ತೊಟ್ಟು ವೇದಿಕೆಗೆ ಏರಿಸಿದ ಕೊರಗ ಯುವಕರಿಗೆ ಥೀಮ್ ಪಾರ್ಕಿನ ಉತ್ಸವದಲ್ಲಿ ಸಿಗುವ ಹದಿನೈದು ನಿಮಿಷ ಅವಮಾನವಲ್ಲ. ಅಲ್ಲಿ ಅವರು ಬರುವುದಿಲ್ಲ ಎನ್ನಬಹುದು. ಗುತ್ತಿನ ಅಂಗಳದಲ್ಲಿ ಆ ಮಾತು ಆಡುವಂತಿರಲಿಲ್ಲ. ಹಿರಿಯಡ್ಕದ ಗುರುವ ಕೊರಗರ ಡೋಲಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದೂ, 2022ರಲ್ಲಿ ದೈವನರ್ತಕ ಗುಡ್ಡ ಪಾಣಾರರಿಗೆ ಬಂದದ್ದೂ ಅಂಗಳ ದಾಟಿದ ಮೇಲೆಯೇ.

ಹಾಗಾಗಿ ಅಂಗಳವೇ ಶುದ್ಧ, ವೇದಿಕೆಯೇ ನಕಲಿ ಎಂಬ ತಕ್ಕಡಿಯನ್ನು ಕೆಳಗಿಡೋಣ. ವೇದಿಕೆ ಯಾರ ಹೆಸರು ಹೇಳುತ್ತದೆ, ಎಷ್ಟು ಹೊತ್ತು ಕೊಡುತ್ತದೆ, ಅಷ್ಟನ್ನು ನೋಡಿದರೆ ಸಾಕು.

ಕಾರ್ಕಳ ತಾಲೂಕಿನ ಬೆಳ್ಮಣ್ಣಿನವರಾದ ನಮಗೆ ಇದಕ್ಕೆ ಉದಾಹರಣೆ ಪಕ್ಕದ ನಂದಳಿಕೆಯಲ್ಲೇ ಇದೆ. ಕವಿ ಮುದ್ದಣನ ಊರು ಎಂದು ಕನ್ನಡಿಗರು ಅರಿತ ಆ ನಂದಳಿಕೆ ತುಳುವರಿಗೆ ಸಿರಿ ಜಾತ್ರೆಯ ಊರು. ಹುಣ್ಣಿಮೆಯ ರಾತ್ರಿ ಹಿಂಗಾರ (ಅಡಕೆ ಹೂ) ಹಿಡಿದ ಹೆಂಗಸರು ಸಾಲಾಗಿ ನಿಂತು ದೈವವಾದ ಸಿರಿ ಎಂಬ ಹೆಣ್ಣಿನ ಕಥೆಯ ತುಣುಕುಗಳನ್ನು ಹಾಡುತ್ತಾರೆ. ಇಡೀ ಕಥೆಯನ್ನು ಯಾರೂ ಹಾಡುವುದಿಲ್ಲ, ಹಾಡುವ ಅಗತ್ಯವೂ ಅಲ್ಲಿಲ್ಲ. ಇಡಿಯಾಗಿ ಹಾಡಿದ್ದು ಜಾತ್ರೆಯ ಹೊರಗೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರ ಧ್ವನಿಗ್ರಾಹಕದ ಮುಂದೆ ಕೂತು ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ದಿನಗಟ್ಟಲೆ ಹಾಡಿದರು, ಬರೆದಿಳಿಸಿದಾಗ 15,683 ಸಾಲು ಆಯಿತು. ತುಳು ಜಾನಪದ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರು ಜತೆಗಿದ್ದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ಕೇಂದ್ರ ಇಂಥ ಕೆಲಸಕ್ಕೆ ಮೊದಲೇ ನೆಲ ಹದಮಾಡಿತ್ತು. ಆ ಹಾಡಿಕೆಯೂ ಕೃತಕ ಸಂದರ್ಭವೇ, ಹಾಡಿಸಿದವರು ಹೊರಗಿನವರೇ. ಆದರೂ 1998ರಲ್ಲಿ ಪುಸ್ತಕ ಬಂದಾಗ ಹಾಡುಗಾರನ ಹೆಸರು ಶೀರ್ಷಿಕೆಯಲ್ಲೇ ಇತ್ತು: ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯ. ಅವರಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು. ಹೊತ್ತು ಸಿಕ್ಕಿದ್ದಕ್ಕೇ ಜಾತ್ರೆಯಲ್ಲೂ ಹುಟ್ಟದ ಒಂದು ದೊಡ್ಡ ರೂಪ ಹುಟ್ಟಿತು.

ಈ ಅಳತೆಯಲ್ಲಿ ನಮ್ಮ ಥೀಮ್ ಪಾರ್ಕುಗಳು ಸೋಲುತ್ತವೆ. ಕಾರ್ಕಳ ತಾಲೂಕಿನ ಬೈಲೂರಿನ ಉಮಿಕ್ಕಳ ಬೆಟ್ಟದ ಪರಶುರಾಮ ಥೀಮ್ ಪಾರ್ಕ್ 2023ರ ಜನವರಿ 27ರಂದು ಉದ್ಘಾಟನೆಯಾಯಿತು. ವರ್ಷ ತುಂಬುವ ಮೊದಲೇ 33 ಅಡಿಯ ಪ್ರತಿಮೆ ಕಂಚಿನದು ಹೌದೋ ಅಲ್ಲವೋ ಎಂಬ ಜಗಳ ಎದ್ದಿತು, ಮೇಲ್ಭಾಗವನ್ನು ಕಳಚಿದರು, ವಿಷಯ ಕೋರ್ಟಿಗೆ ಹೋಯಿತು. ಲೋಹದ ಬಗ್ಗೆ ತಾಲೂಕಿಗೆ ತಾಲೂಕೇ ಮಾತಾಡಿತು. ಅದೇ ಯೋಜನೆಯ ಬಯಲು ರಂಗಮಂದಿರದಲ್ಲಿ ಯಾರು ಹಾಡಬೇಕು, ಯಾರು ನುಡಿಸಬೇಕು ಎಂದು ಅಷ್ಟು ಜೋರಾಗಿ ಕೇಳಿದವರನ್ನು ನಾನು ಕಾಣೆ.

ಕೋಟಿ-ಚೆನ್ನಯ ಪಾರ್ಕಿನ ಸ್ಥಿತಿ ಅಷ್ಟು ಕೆಟ್ಟಿಲ್ಲ. ಸರ್ಕಾರದ ರಂಗಸಂಸ್ಥೆ ಯಕ್ಷರಂಗಾಯಣ ನೆಲೆ ನಿಂತಿರುವುದು ಅಲ್ಲೇ. 1989ರಲ್ಲಿ ಮೈಸೂರಿನಲ್ಲಿ ಮೊದಲ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಬಂಟ್ವಾಳದ ಮಂಚಿಯವರು, ಜನಪದ ವಾದ್ಯಗಳ ನಾದವನ್ನು ರಂಗಸಂಗೀತಕ್ಕೆ ತುಂಬಿದವರು. ಆ ಹಾದಿಯ ಸಂಸ್ಥೆಯೊಂದು ಪಾಡ್ದನದ ವೀರರ ಹೆಸರಿನ ಆವರಣದಲ್ಲಿ ಇರುವುದು ಒಳ್ಳೆಯ ಯೋಗ. ಅಲ್ಲಿ ತಾಲೀಮು ನಡೆಯುತ್ತದೆ, ನಾಟಕ ಏಳುತ್ತದೆ, ನಟರ ಹೆಸರು ಕರಪತ್ರದಲ್ಲಿ ಅಚ್ಚಾಗುತ್ತದೆ. ಇಷ್ಟನ್ನು ನಟರಿಗೆ ಕೊಡಬಲ್ಲ ಆವರಣ ತೆಂಬರೆ ಹಿಡಿದು ಪಾಡ್ದನ ಹಾಡುವ ಅಜ್ಜಿಗೂ ಕೊಡಬಹುದು. ಅವಳನ್ನು ಉತ್ಸವಕ್ಕೆ ಕರೆಯುವ ಬದಲು ಮಳೆಗಾಲದಲ್ಲಿ, ನೇಮಗಳಿಲ್ಲದ ಬಿಡುವಿನಲ್ಲಿ, ಒಂದು ವಾರ ಕರೆಯಲಿ. ದಿನಗೂಲಿಗಿಂತ ಹೆಚ್ಚು ಸಂಭಾವನೆ ಕೊಡಲಿ. ಕೋಟಿ-ಚೆನ್ನಯ ಪಾಡ್ದನವನ್ನು ಅವಳು ಬಲ್ಲಷ್ಟು, ಅವಳಿಗೆ ಮನಸ್ಸಿದ್ದಷ್ಟು ಹಾಡಲಿ, ಬೇಡವೆಂದರೆ ಬೇಡ. ಧ್ವನಿಮುದ್ರಣದ ಒಂದು ಪ್ರತಿ ಅವಳ ಮನೆಗೆ ಹೋಗಲಿ. ಪಾರ್ಕಿನ ಗೋಡೆಯಲ್ಲಿ ದಾನಿಗಳ, ಮಂತ್ರಿಗಳ ಹೆಸರಿನ ಫಲಕದ ಪಕ್ಕ ಹಾಡಿದವರ, ನುಡಿಸಿದವರ ಹೆಸರು, ಊರು, ಹಾಡಿದ ವರ್ಷ ಬರೆಸಲು ಜಾಗ ಬೇಕಾದಷ್ಟಿದೆ.