ಬತ್ತಿದ ಬಾವಿ ಯಾರ ಲೆಕ್ಕದಲ್ಲಿ?

ಕಥೆ, ಕಾದಂಬರಿ, ಕವನಸಂಕಲನಗಳ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಸರಕಾರಿ ವರದಿಯೊಂದನ್ನು ತಂದಿಡುತ್ತಿರುವುದಕ್ಕೆ ವಾಚಕರ ಕ್ಷಮೆ ಕೋರುತ್ತೇನೆ. ಆದರೆ ಕಾದಂಬರಿ ಕೆಟ್ಟದಾಗಿದ್ದರೆ ನಮಗಾಗುವ ನಷ್ಟ ಎರಡು ಸಂಜೆ, ಇನ್ನೂರು ಮುನ್ನೂರು ರೂಪಾಯಿ. ನಾನು ಓದಿದ ಈ ವರದಿಗಳ ವಿಷಯ ಹಾಗಲ್ಲ. ಅವನ್ನು ಓದದೆಯೇ ನಮ್ಮಲ್ಲಿ ಎಷ್ಟೋ ಮನೆಗಳು ಲಕ್ಷಗಟ್ಟಲೆ ಕಳೆದುಕೊಂಡಿವೆ. ಓದಿದ್ದರೆ ಉಳಿಯುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಅದನ್ನೇ ಇಲ್ಲಿ ನೋಡಹೊರಟಿದ್ದೇನೆ.

ನಮ್ಮೂರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನದು. ನಾನು ಮುಂಬಯಿಗೆ ಬಂದು ಬ್ಯಾಂಕು ಸೇರಿದೆ. ತಮ್ಮ ಅಲ್ಲಿಯೇ ಉಳಿದು ನಾಲ್ಕೆಕರೆ ನೋಡಿಕೊಂಡ. ಈವರೆಗೆ ಐದು ಕೊಳವೆಬಾವಿ ಕೊರೆಸಿದ್ದೇವೆ, ನಾಲ್ಕಕ್ಕೆ ನನ್ನ ಸಂಬಳದ ಹಣ. ಕೊನೆಯದು 1,240 ಅಡಿ ಇಳಿದು ಬರೀ ಬಿಳಿ ಧೂಳು ಕಾರಿ ನಿಂತಿತು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಾಗ ತೋರಿಸಿದಾತ ಮುಂಚೆಯೇ ದಕ್ಷಿಣೆ ಪಡೆದು ಹೋಗಿದ್ದ. ಲಾರಿಯವನು ಅಡಿಯ ಲೆಕ್ಕದಲ್ಲಿ ಎಣಿಸಿಕೊಂಡು ಹೊರಟ. ಆ ರಾತ್ರಿ ತಮ್ಮ ಫೋನಿನಲ್ಲಿ ಕೇಳಿದ: "ಅಲ್ಲಣ್ಣ, ನೆಲದೊಳಗಿನ ನೀರಿಗೆ ಸರಕಾರದವರೇ ಮ್ಯಾಪು ಮಾಡಿದ್ದಾರಂತಲ್ಲ. ಅದನ್ನು ಒಂದ್ಸಲ ನೋಡಿಬಿಟ್ಟಿದ್ದರೆ?"

ನೋಡಿದೆ. ನಿವೃತ್ತನಿಗೆ ಸಮಯಕ್ಕೇನು ಬರ.

ಮೊದಲು ಈ ಮ್ಯಾಪಿನ ಹಿನ್ನೆಲೆ. ನಮ್ಮ ದೇಶದ ಭೂವೈಜ್ಞಾನಿಕ ಸರ್ವೇಕ್ಷಣೆ 1851ರಷ್ಟು ಹಳೆಯದು. ಮೈಸೂರು ಸಂಸ್ಥಾನ 1894ರಲ್ಲಿಯೇ ತನ್ನದೊಂದು ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಕೇಂದ್ರ ಅಂತರ್ಜಲ ಮಂಡಳಿ ಹುಟ್ಟಿದ್ದು 1970ರಲ್ಲಿ. ಸರ್ವೇಕ್ಷಣೆಯ ಅಂತರ್ಜಲ ವಿಭಾಗವನ್ನು 1972ರಲ್ಲಿ ಅದರೊಂದಿಗೆ ಸೇರಿಸಿದರು. ಈ ಮಂಡಳಿ 2012ರಲ್ಲಿ ದೇಶದ ಜಲಧರಗಳ, ಅಂದರೆ ನೀರು ಹಿಡಿದಿಡುವ ಶಿಲಾಸ್ತರಗಳ, ನಕ್ಷೆ ತಯಾರಿಸಲು ಹೊರಟು ಸುಮಾರು 25 ಲಕ್ಷ ಚದರ ಕಿಲೋಮೀಟರನ್ನು 2023ರ ಮಾರ್ಚಿಗೆ ಮುಗಿಸಿತು. ನಮ್ಮ ತುಮಕೂರು ಜಿಲ್ಲೆಯ ಅಂಕಸಂದ್ರದ ಸುತ್ತ ಪ್ರಾಯೋಗಿಕವಾಗಿ ಹೆಲಿಕಾಪ್ಟರಿನಿಂದಲೂ ನೆಲದೊಳಗನ್ನು ಪರೀಕ್ಷಿಸಿದರು. ಇದು ಸಣ್ಣ ಕೆಲಸವಲ್ಲ. ಬೇಸಿಗೆಯ ಬಿಸಿಲಿನಲ್ಲಿ ಊರೂರು ಅಲೆದು ಬಾವಿಗೆ ಟೇಪು ಇಳಿಬಿಟ್ಟವರ ಶ್ರಮವನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಹೀಗಳೆಯುವ ಉದ್ದೇಶ ನನಗಿಲ್ಲ.

ಆದರೂ ವಿಮರ್ಶೆ ವಿಮರ್ಶೆಯೇ. ನಾನು ಓದಿದ ತಾಲ್ಲೂಕು ವರದಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಮಳೆ, ಮಣ್ಣು, ಶಿಲೆ, ಮೇಲಿನ ಜಲಧರ, ಕೆಳಗಿನ ಜಲಧರ, ಕೊನೆಗೆ ನಿರ್ವಹಣಾ ಯೋಜನೆ. ತಾಲ್ಲೂಕಿನ ಹೆಸರನ್ನು ಬೆರಳಿನಿಂದ ಮುಚ್ಚಿದರೆ ಯಾವ ಊರಿನದೆಂದು ಹೇಳುವುದು ಕಷ್ಟ. ಪಕ್ಕದಲ್ಲಿಟ್ಟು ನೋಡಲು ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ಕುರಿತು ಬರೆದ ಗ್ರಂಥವನ್ನು ತಿರುವಿಹಾಕಿದೆ. ಆತನೂ ಸರಕಾರಿ ನೌಕರನೇ, ಅದೂ ಪರದೇಶದವನು. ಆದರೆ ಅವನ ಬರಹದಲ್ಲಿ ಗುಡ್ಡಕ್ಕೆ ಹೆಸರಿದೆ, ಹಳ್ಳಿಗೆ ಹೆಸರಿದೆ, ನೋಡಿದವನೊಬ್ಬನಿದ್ದಾನೆ. ಈಗಿನ ವರದಿಗಳಲ್ಲಿ ಎಲ್ಲವೂ "ಗಮನಿಸಲಾಗಿದೆ", "ಶಿಫಾರಸು ಮಾಡಲಾಗಿದೆ". ಯಾರು ಗಮನಿಸಿದರು, ಯಾರಿಗೆ ಶಿಫಾರಸು, ತಿಳಿಯದು.

ಇನ್ನು ತಮ್ಮನ ಪ್ರಶ್ನೆ. ಈ ನಕ್ಷೆಗಳ ಅಳತೆ 1:50,000. ಎಂದರೆ ಕಾಗದದ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ 50 ಮೀಟರು. ಒಂದೆಕರೆ ಹೊಲ ಅದರಲ್ಲಿ ಒಂದು ರಾಗಿಕಾಳಿನಷ್ಟಾಗುತ್ತದೆ. ನಮ್ಮ ಸೀಮೆಯದು ಗ್ರಾನೈಟು, ನೈಸ್ ಎಂಬ ಗಟ್ಟಿಶಿಲೆ. ಕಲ್ಲಿನ ಮೈಯಲ್ಲಿ ನೀರಿಲ್ಲ, ಇರುವುದು ಬಿರುಕಿನಲ್ಲಿ. ಒಂದು ಕೊಳವೆ ಬಿರುಕಿಗೆ ತಾಗಿ ಚಿಮ್ಮಿದರೆ ಮೂವತ್ತಡಿ ದೂರದ ಇನ್ನೊಂದು ಒಣಗಿರುತ್ತದೆ. ರಾಗಿಕಾಳಿನ ಮೇಲೆ ಆ ಬಿರುಕನ್ನು ಯಾರು ಬರೆದಾರು? ಸಾಲದ್ದಕ್ಕೆ ಗಟ್ಟಿಶಿಲೆಯ ಸೀಮೆಯಲ್ಲಿ ಈ ಯೋಜನೆ ಸಾಮಾನ್ಯವಾಗಿ ಹಾಕಿಕೊಂಡ ಆಳ 200 ಮೀಟರು, ಸುಮಾರು 650 ಅಡಿ. ನನ್ನ ತಮ್ಮನ ಕೊಳವೆ ಅದನ್ನು ದಾಟಿ ಹೆಚ್ಚುಕಡಿಮೆ ಅಷ್ಟೇ ದೂರ ಮತ್ತೆ ಹೋಗಿತ್ತು. ಮ್ಯಾಪು ಮುಗಿದ ಮೇಲೆ ನಮ್ಮ ಬಾವಿ ಶುರು.

ಇಲ್ಲಿ ನನಗೆ ಪದೇ ಪದೇ ನೆನಪಾದದ್ದು ನಮ್ಮೂರಿಗೆ ಅಷ್ಟೇನೂ ದೂರವಲ್ಲದ ಚಿನ್ನದ ಗಣಿ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿದ್ದರು. ಚಿನ್ನದ ಎಳೆ ಎಲ್ಲಿ ಬಾಗುತ್ತದೆ, ಎಲ್ಲಿ ತುಂಡಾಗುತ್ತದೆ ಎಂಬುದನ್ನು ಅಂಗುಲ ಅಂಗುಲವಾಗಿ ಬರೆದಿಟ್ಟರು. 2001ರಲ್ಲಿ ಗಣಿ ಮುಚ್ಚಿತು. ಅದೇ ಜಿಲ್ಲೆಯ ನೀರಿನ ಎಳೆಗೆ ಆ ಭಾಗ್ಯ ಬರಲಿಲ್ಲ. ಕಾರಣ ಸುಲಭ: ಚಿನ್ನಕ್ಕೆ ಒಬ್ಬ ಒಡೆಯನಿದ್ದ, ನೀರಿಗೆ ಸಾವಿರಾರು ಜನ.

ನಕ್ಷೆಯ ಮಾತು ಬಿಟ್ಟು ಲೆಕ್ಕಕ್ಕೆ ಬರೋಣ. ಇದು ನನಗೆ ಪರಿಚಿತ ಕ್ಷೇತ್ರ. ಬ್ಯಾಂಕಿನಲ್ಲಿ ಬಹುಕಾಲ ಪರರ ಖಾತೆಗಳನ್ನು ತಪಾಸಣೆ ಮಾಡಿದವನು ನಾನು. ಅಂತರ್ಜಲದ ವರದಿಯೂ ಒಂದು ಪಾಸ್‌ಬುಕ್ಕೇ: ಮಳೆಯಿಂದ ಇಂಗಿದ್ದು ಜಮೆ, ಪಂಪಿನಿಂದ ಎತ್ತಿದ್ದು ಖರ್ಚು. ತೆಗೆಯಬಹುದಾದ ಪ್ರಮಾಣದ ಶೇಕಡಾ 70ರವರೆಗೆ ತೆಗೆದರೆ "ಸುರಕ್ಷಿತ", 90ರವರೆಗೆ "ಅರೆ ಗಂಭೀರ", 100ರವರೆಗೆ "ಗಂಭೀರ", ಅದಕ್ಕೂ ಮೀರಿದರೆ "ಅತಿ ಬಳಕೆ". ಕೋಲಾರ ನೂರನ್ನು ಎಂದೋ ದಾಟಿ ಹೋಗಿದೆ.

ಖರ್ಚನ್ನು ಪಂಪುಗಳ ಸಂಖ್ಯೆಯಿಂದ ಅಂದಾಜು ಮಾಡುತ್ತಾರೆ, ಇರಲಿ. ಜಮೆಯನ್ನು ಹೇಗೆ ಬರೆಯುತ್ತಾರೆ? ಎರಡು ದಾರಿ. ಒಂದು, ಮಳೆಗಾಲದ ಹಿಂದೆ ಮುಂದೆ ಬಾವಿಯ ನೀರಿನ ಮಟ್ಟ ಅಳೆದು, ಏರಿದ ಎತ್ತರದಿಂದ ಕಂಡುಹಿಡಿಯುವುದು. ಇನ್ನೊಂದು, ಬಿದ್ದ ಮಳೆಯಲ್ಲಿ ಶೇಕಡಾ ಇಷ್ಟು ಇಂಗುತ್ತದೆಂದು ಕೋಷ್ಟಕ ನೋಡಿ ಹಾಕುವುದು. 1997ರ ಅಂದಾಜು ಸಮಿತಿಯ ಕೋಷ್ಟಕದಲ್ಲಿ ಶಿಥಿಲಗೊಂಡ ಗ್ರಾನೈಟು ನೆಲದಲ್ಲಿ ಜೇಡಿ ಕಡಿಮೆಯಿದ್ದರೆ ಶೇ. 11, ಹೆಚ್ಚಿದ್ದರೆ ಶೇ. 8. ಮಳೆಗಾಲದಲ್ಲಿ 500 ಮಿಲಿಮೀಟರು ಬಿತ್ತೆಂದುಕೊಳ್ಳಿ. ಒಂದು ಲೆಕ್ಕದಲ್ಲಿ 55 ಮಿ.ಮೀ. ಜಮೆ, ಇನ್ನೊಂದರಲ್ಲಿ 40. ಜೇಡಿಮಣ್ಣಿನ ಬಗ್ಗೆ ಒಬ್ಬ ಅಧಿಕಾರಿಯ ಅಭಿಪ್ರಾಯ ಬದಲಾದರೆ ಜಮೆಯ ಕಾಲುಭಾಗಕ್ಕಿಂತ ಹೆಚ್ಚು ಮಾಯ!

ಇದಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ ನಿಯಮ ಇನ್ನೊಂದಿದೆ. ಬಾವಿಯಲ್ಲಿ ಅಳೆದ ಅಂಕಿ ಕೋಷ್ಟಕದ ಅಂಕಿಯಿಂದ ಶೇ. 20ಕ್ಕಿಂತ ಹೆಚ್ಚು ಕೆಳಗಿದ್ದರೆ ಅಳತೆಯನ್ನು ಬದಿಗಿಟ್ಟು ಕೋಷ್ಟಕದ ಅಂಕಿಯ 0.8 ಪಟ್ಟು ತೆಗೆದುಕೊಳ್ಳಬೇಕು, ಶೇ. 20ಕ್ಕಿಂತ ಮೇಲಿದ್ದರೆ 1.2 ಪಟ್ಟು. 2015ರ ಸಮಿತಿ ಕೋಷ್ಟಕವನ್ನು ವಿಸ್ತರಿಸಿತಾದರೂ ಈ ಕಟ್ಟನ್ನು ಉಳಿಸಿಕೊಂಡಿತು. ಅಳೆಯುವ ಬಾವಿಗಳು ವಿರಳ, ಒಂದೆರಡು ತಪ್ಪು ಅಳತೆ ಇಡೀ ತಾಲ್ಲೂಕನ್ನು ಕೆಡಿಸಬಾರದು ಎಂಬ ಸಮರ್ಥನೆ ನನಗೆ ಅರ್ಥವಾಗುತ್ತದೆ. ಆದರೆ ಪೆಟ್ಟಿಗೆಯಲ್ಲಿ ಎಣಿಸಿದ ನಗದು ಲೆಡ್ಜರಿಗೆ ಹೊಂದದಿದ್ದಾಗ ಲೆಡ್ಜರನ್ನು ಹಿಡಿದು ನಗದನ್ನು ಬಿಡು ಎಂದರೆ ಯಾವ ಆಡಿಟರು ರುಜು ಹಾಕಿಯಾನು? ಅಂಥ ತಾಲ್ಲೂಕಿಗೆ ಇನ್ನಷ್ಟು ಬಾವಿ ಅಳೆಯುವವರನ್ನು ಕಳಿಸಬೇಕಿತ್ತು. ಕೋಲಾರದ ಮಟ್ಟಿಗೆ ಹೇಗೆ ಹಾಕಿದರೂ ಫಲಿತಾಂಶ "ಅತಿ ಬಳಕೆ"ಯೇ, ಒಪ್ಪಿದೆ. ಗೆರೆಯ ಮೇಲೆ ನಿಂತ ತಾಲ್ಲೂಕುಗಳ ಗತಿ ಏನು?

ಅಳತೆಯಲ್ಲಿಯೇ ಇನ್ನೊಂದು ತೊಡಕು. ಮಂಡಳಿಯವರು ಗೊತ್ತುಮಾಡಿದ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ನೋಡುತ್ತಾರೆ. ಬಾವಿ ಬತ್ತಿದ್ದರೆ ಬರೆಯಲು ಅಂಕಿಯೇ ಇರುವುದಿಲ್ಲ. ಆ ಮನೆ ಖಾಲಿ. ಹಿಂದಿನಿಂದ ಬರುವ ಸಂಶೋಧಕ ಖಾಲಿ ಮನೆಗಳಿರುವ ಬಾವಿಯನ್ನು ಪಟ್ಟಿಯಿಂದ ತೆಗೆಯುತ್ತಾನೆ. ಉಳಿಯುವುದು ನೀರಿರುವ ಬಾವಿಗಳು ಮಾತ್ರ. ದಕ್ಷಿಣ ಭಾರತದಲ್ಲಿ ಅಂತರ್ಜಲ ಮೇಲೇರುತ್ತಿದೆ ಎಂಬ ಸಿಹಿ ಸುದ್ದಿ ಕೆಲವು ಪ್ರಬಂಧಗಳಲ್ಲಿ ಬಂದದ್ದುಂಟು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ತೇಜಸ್ವಿ ಹೋರಾ, ನಂದಿತಾ ಬಸು 2019ರಲ್ಲಿ ಈ ಒಗಟನ್ನು ಬಿಡಿಸಿ, ಬತ್ತಿದ ಬಾವಿಗಳನ್ನು ಕೈಬಿಟ್ಟದ್ದರಿಂದಲೇ ಏರಿಕೆ ಕಂಡಿತೆಂದು ತೋರಿಸಿದರು. ಆಸ್ಪತ್ರೆಯಲ್ಲಿ ಸತ್ತವರ ಹೆಸರು ಹೊಡೆದುಹಾಕಿ, ಉಳಿದವರೆಲ್ಲ ಗುಣಮುಖರಾಗುತ್ತಿದ್ದಾರೆ ಎಂದ ಹಾಗೆ. ಈಚೆಗೆ ಆಳದ ಕೊಳವೆಗಳಲ್ಲಿ ತಾನೇ ತಾನಾಗಿ ಮಟ್ಟ ದಾಖಲಿಸುವ ಉಪಕರಣಗಳನ್ನು ಹೆಚ್ಚಿಸುತ್ತಿದ್ದಾರೆ. ಅದು ಸರಿಯಾದ ಹೆಜ್ಜೆ.

2024ರ ರಾಷ್ಟ್ರೀಯ ವರದಿಯ ಪ್ರಕಾರ ದೇಶ ತೆಗೆಯಬಹುದಾದ ಅಂತರ್ಜಲದಲ್ಲಿ ಶೇ. 60ರಷ್ಟನ್ನು ಮಾತ್ರ ತೆಗೆಯುತ್ತಿದೆ; 6,746 ಘಟಕಗಳಲ್ಲಿ 751 ಅತಿ ಬಳಕೆಯವು. ಗಂಗೆಯ ಬಯಲಿನ ಮರಳಿನಡಿಯ ನೀರನ್ನೂ ಮುಳಬಾಗಿಲಿನ ಬಿರುಕನ್ನೂ ಒಂದೇ ತಕ್ಕಡಿಗೆ ಹಾಕಿ ತೆಗೆದ ಸರಾಸರಿಯಿಂದ ನನ್ನ ತಮ್ಮನಿಗೇನು?

ತಾಲ್ಲೂಕು ವರದಿಯ ಕೊನೆಯ ಅಧ್ಯಾಯ ನನಗೆ ಎಲ್ಲಕ್ಕಿಂತ ದುರ್ಬಲವೆನಿಸಿತು. ಇಷ್ಟು ಚೆಕ್‌ಡ್ಯಾಮು, ಇಷ್ಟು ಇಂಗುಕೆರೆ, ಇಷ್ಟು ಎಕರೆಗೆ ಹನಿ ನೀರಾವರಿ; ಇವೆಲ್ಲ ಆದರೆ ಬಳಕೆಯ ಶೇಕಡಾವಾರು ಇಷ್ಟಕ್ಕೆ ಇಳಿಯುತ್ತದೆ ಎಂದು ಗುಣಾಕಾರ. ಹನಿ ನೀರಾವರಿಯಿಂದ ಉಳಿದ ನೀರಿನಲ್ಲಿ ರೈತ ಇನ್ನೊಂದೆಕರೆ ಟೊಮೇಟೊ ಇಡುತ್ತಾನೆ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ನನ್ನ ತಮ್ಮನೇ ಇಟ್ಟಿದ್ದಾನೆ.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವೇ ಎಂದು ಕೇಳುವವರಿಗೆ ದೂರ ಹೋಗಬೇಕಿಲ್ಲ. ಮುಳಬಾಗಿಲಿನಿಂದ ಗಡಿ ದಾಟಿದರೆ ಚಿತ್ತೂರು ಜಿಲ್ಲೆ. ಅಲ್ಲಿ, ಅನಂತಪುರದಲ್ಲಿ, ಇನ್ನೂ ಐದು ಬರಪೀಡಿತ ಜಿಲ್ಲೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ರೈತರೇ ಮಳೆ ಅಳೆದರು, ತಮ್ಮ ಬಾವಿಗಳಿಗೆ ತಾವೇ ಟೇಪು ಇಳಿಸಿದರು. ಊರಿನ ಗೋಡೆಯ ಮೇಲೆ ತೆಲುಗಿನಲ್ಲಿ ಜಮೆ ಖರ್ಚು ಬರೆದು, ಹಿಂಗಾರಿಗೆ ಮುಂಚೆ ಎಲ್ಲರೂ ಕುಳಿತು ಯಾವ ಬೆಳೆ ಇಡಬೇಕೆಂದು ಮಾತಾಡಿಕೊಂಡರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಬೆಂಬಲ ಕೊಟ್ಟಿತ್ತು. ಆ ಲೆಕ್ಕ ಮಂಡಳಿಯ ಲೆಕ್ಕದಷ್ಟು ಶಾಸ್ತ್ರೀಯವಲ್ಲದಿರಬಹುದು. ಆದರೆ ಬತ್ತಿದ ಬಾವಿ ಅದರಲ್ಲಿ ಖಾಲಿ ಮನೆಯಾಗಿ ಕಾಣೆಯಾಗಲು ಸಾಧ್ಯವಿಲ್ಲ. ಬಾವಿಯ ಯಜಮಾನ ಗೋಡೆಯ ಮುಂದೆಯೇ ಕೂತಿರುತ್ತಾನಲ್ಲ.

ಮಂಡಳಿಯೂ ಈಗ ಎರಡನೆಯ ಹಂತದಲ್ಲಿ ಆಯ್ದ ಕಡೆ ಪಂಚಾಯತಿ ಮಟ್ಟಕ್ಕೆ ಇಳಿಯಲು ಹೊರಟಿದೆ. ಒಳ್ಳೆಯದು. ಆದರೆ ನಾನು ಓದಿದ ತಾಲ್ಲೂಕು ವರದಿಗಳೆಲ್ಲ ಇಂಗ್ಲಿಷಿನವು. ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಪಿ. ರಾಧಾಕೃಷ್ಣ ಅವರು ವಿಜ್ಞಾನವನ್ನು ಕನ್ನಡದಲ್ಲಿ ಬರೆದು ತೋರಿಸಿದ ನಾಡು ನಮ್ಮದು. ಪದಗಳಿಲ್ಲ ಎಂಬ ನೆಪ ಸಲ್ಲದು.

ತಮ್ಮನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ: ಮ್ಯಾಪು ನೋಡಿದ್ದರೂ ಬಿರುಕು ಸಿಗುತ್ತಿರಲಿಲ್ಲ, ಆದರೆ ಐದನೆಯದನ್ನು ಕೊರೆಸುತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದನ್ನು ಕನ್ನಡದಲ್ಲಿ ಬರೆದು ಕಳಿಸು, ಪಕ್ಕದ ಹೊಲದವನು ಆರನೆಯದಕ್ಕೆ ಸಾಲ ಕೇಳುತ್ತಿದ್ದಾನೆ" ಎಂದ. ನಮ್ಮ ತಾಲ್ಲೂಕಿನ ವರದಿಯ ಮುಖ್ಯ ಭಾಗವನ್ನು ಕನ್ನಡಿಸಿ ಅವನಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಇನ್ನೊಂದು ಪ್ರತಿ ಸಂಘದ ವಾಚನಾಲಯದಲ್ಲಿದೆ. ಭೂವಿಜ್ಞಾನ ಬಲ್ಲ ಸದಸ್ಯರು ತಪ್ಪು ಕಂಡಲ್ಲಿ ಪೆನ್ಸಿಲಿನಿಂದ ತಿದ್ದಬೇಕೆಂದು ವಿನಂತಿ.