ಗದ್ದಲದೊಳಗಣ ಗೀತ: ‘ಸೈಕೋಕ್ಯಾಂಡಿ’ಯ ವಿಮರ್ಶೆ

ಹೊಸ ಬಗೆಯ ಕಲಾಕೃತಿಯೊಂದು ಹೊರಬಂದಾಗ ಜನ ಅದನ್ನು ಗದ್ದಲವೆಂದು ತಳ್ಳಿಹಾಕುವುದೂ, ಕಾಲಾಂತರದಲ್ಲಿ ಅದನ್ನೇ ಶ್ರೇಷ್ಠವೆಂದು ಕೊಂಡಾಡುವುದೂ ಇತಿಹಾಸದಲ್ಲಿ ಅಪರೂಪವಲ್ಲ. ಇಂಥ ಪ್ರಸಂಗಗಳಲ್ಲಿ ಮೊದಲಿನ ನಿಂದೆಯನ್ನು ನಾವು ಸಂಶಯದಿಂದ ಪರೀಕ್ಷಿಸುತ್ತೇವೆ. ಅನಂತರದ ಪ್ರಶಂಸೆಯನ್ನು ಮಾತ್ರ ಪರೀಕ್ಷಿಸದೆಯೇ ಒಪ್ಪಿಬಿಡುತ್ತೇವೆ. ಸ್ಕಾಟ್ಲೆಂಡಿನ ‘ದಿ ಜೀಸಸ್ ಅಂಡ್ ಮೇರಿ ಚೈನ್’ ಎಂಬ ತಂಡದ ಚೊಚ್ಚಲ ಧ್ವನಿಮುದ್ರಿಕೆಯಾದ ‘ಸೈಕೋಕ್ಯಾಂಡಿ’ ಇದಕ್ಕೆ ಒಳ್ಳೆಯ ನಿದರ್ಶನ. 1985ರ ನವೆಂಬರಿನಲ್ಲಿ ಪ್ರಕಟವಾದ ಈ ಕೃತಿ ಇಂದು ಬ್ರಿಟನ್ನಿನ ಜನಪ್ರಿಯ ಸಂಗೀತದ ಮುಖ್ಯ ಕೃತಿಗಳಲ್ಲಿ ಒಂದೆಂದು ಮಾನ್ಯವಾಗಿದೆ. ಗದ್ದಲದ ಅಡಿಯಲ್ಲಿ ಮಧುರವಾದ ಹಾಡುಗಳು ಅಡಗಿವೆ ಎಂಬುದು ಇದರ ಬಗೆಗೆ ರೂಢಿಯಾಗಿರುವ ಪ್ರಶಂಸೆ. ಈ ಪ್ರಶಂಸೆ ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಾನು ಸಂಗೀತಶಾಸ್ತ್ರವನ್ನು ಬಲ್ಲವನಲ್ಲ; ಇತಿಹಾಸದ ಅಧ್ಯಾಪಕ. ಎರಡನೆಯ ಮಹಾಯುದ್ಧಾನಂತರದ ಬ್ರಿಟನ್ನನ್ನು ಕುರಿತು ಪಾಠ ಹೇಳುವಾಗ ಆ ಕಾಲದ ಒಂದು ದಾಖಲೆಯಾಗಿ ಈ ಧ್ವನಿಮುದ್ರಿಕೆಯನ್ನು ವಿದ್ಯಾರ್ಥಿಗಳಿಗೆ ಕೇಳಿಸಿದ್ದೆ. ಮೊದಲನೆಯ ಹಾಡಿಗೆ ತಲೆದೂಗಿದವರು ಆರನೆಯ ಹಾಡಿಗೆ ಬರುವ ಹೊತ್ತಿಗೆ ಕಿವಿ ಮುಚ್ಚಿಕೊಂಡಿದ್ದರು. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ, “ಈ ಗದ್ದಲವನ್ನು ತೆಗೆದುಬಿಟ್ಟಿದ್ದರೆ ಹಾಡುಗಳು ಇನ್ನೂ ಚೆನ್ನಾಗಿರುತ್ತಿದ್ದುವಲ್ಲವೇ, ಸರ್?” ಎಂದು ಕೇಳಿದ. ಆ ಪ್ರಶ್ನೆಗೆ ಅಂದು ನಾನು ಸಮರ್ಪಕವಾದ ಉತ್ತರವನ್ನು ಕೊಡಲಾರದೆ ಹೋದೆ. ಗದ್ದಲದ ಅಡಿಯಲ್ಲಿ ಹಾಡಿದೆ ಎಂದು ಹೊಗಳುವ ವಿಮರ್ಶಕನಿಗೂ ಗದ್ದಲವನ್ನು ತೆಗೆಯಬೇಕೆಂದ ವಿದ್ಯಾರ್ಥಿಗೂ ಮೂಲದಲ್ಲಿ ಭೇದವಿಲ್ಲವೆಂಬುದು ನನಗೆ ಹೊಳೆದದ್ದು ಆಮೇಲೆ. ಹಾಡು ಬೇರೆ, ಗದ್ದಲ ಬೇರೆ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ.

ಮೊದಲು ಕೃತಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡೋಣ. ಜಿಮ್ ರೀಡ್, ವಿಲಿಯಂ ರೀಡ್ ಎಂಬ ಸಹೋದರರು ಬೆಳೆದದ್ದು ಗ್ಲಾಸ್ಗೋ ನಗರಕ್ಕೆ ಸಮೀಪದ ಈಸ್ಟ್ ಕಿಲ್‌ಬ್ರೈಡಿನಲ್ಲಿ. ಯುದ್ಧಾನಂತರ ಯೋಜನಾಬದ್ಧವಾಗಿ ಕಟ್ಟಿದ ಹೊಸ ಪಟ್ಟಣಗಳಲ್ಲಿ ಇದು ಸ್ಕಾಟ್ಲೆಂಡಿನ ಮೊದಲನೆಯದು. 1947ರಲ್ಲಿ ಇದನ್ನು ಹಾಗೆಂದು ಗೊತ್ತುಪಡಿಸಲಾಯಿತು. ತಂದೆಗೆ ಕಾರ್ಖಾನೆಯ ಕೆಲಸ ತಪ್ಪಿದಾಗ ದೊರೆತ ಪರಿಹಾರದ ಹಣದಲ್ಲಿ 300 ಪೌಂಡುಗಳು ಮಕ್ಕಳ ಕೈಸೇರಿದುವು. ಅದರಿಂದ ಅವರು ಮನೆಯಲ್ಲಿಯೇ ಹಾಡನ್ನು ಮುದ್ರಿಸಿಕೊಳ್ಳಬಲ್ಲ ಸಣ್ಣ ಯಂತ್ರವೊಂದನ್ನು ಕೊಂಡರು. ಡಗ್ಲಾಸ್ ಹಾರ್ಟ್ ಎಂಬ ತರುಣ ಬಾಸ್ ಗಿಟಾರನ್ನು ನುಡಿಸತೊಡಗಿದ. ನಾಲ್ಕು ತಂತಿಗಳ ಆ ವಾದ್ಯದಲ್ಲಿ ಅವನಿಗೆ ಎರಡೇ ಸಾಕಾಗಿದ್ದುವು. ಮುಂದೆ ಬಾಬಿ ಗಿಲೆಸ್ಪಿ ಎರಡೇ ಡ್ರಮ್ಮುಗಳನ್ನಿಟ್ಟುಕೊಂಡು ನಿಂತೇ ಬಾರಿಸಿದ. ಹೀಗೆ ಸಾಧನಗಳು ಕೊಂಚವೇ, ನೈಪುಣ್ಯವೂ ಮಿತವೇ.

ಇನ್ನು ಗದ್ದಲದ ವಿಚಾರ. ನಮ್ಮ ಸಭೆ ಸಮಾರಂಭಗಳಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ತಂದಾಗ ಏಳುವ ಕೀರಲು ಸದ್ದನ್ನು ಕೇಳದವರಿಲ್ಲ. ವಿದ್ಯುತ್ ಗಿಟಾರಿನಲ್ಲಿಯೂ ಇದೇ ನಡೆಯುತ್ತದೆ. ತಂತಿಯ ಕಂಪನ ಧ್ವನಿವರ್ಧಕದಲ್ಲಿ ಹಿಗ್ಗಿ ಹೊರಬರುತ್ತದೆ; ಹೊರಬಂದ ಆ ಸದ್ದು ತಂತಿಯನ್ನು ಮತ್ತೆ ನಡುಗಿಸುತ್ತದೆ; ಆ ನಡುಕ ಪುನಃ ಹಿಗ್ಗುತ್ತದೆ. ಈ ಆವರ್ತನಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ಇತರರು ದೋಷವೆಂದು ನಿವಾರಿಸಿಕೊಳ್ಳುವ ಇದನ್ನು, ಅಥವಾ ಕೆಲವರು ಹಾಡಿನ ನಡುವೆ ಚಮತ್ಕಾರಕ್ಕಾಗಿ ಬಳಸುವ ಇದನ್ನು, ರೀಡ್ ಸಹೋದರರು ಹಾಡಿನ ಉದ್ದಕ್ಕೂ ಹಾಸಿಬಿಟ್ಟರು. ಇದರ ಜೊತೆಗೆ ಅವರ ಹಾಡುಗಳ ಅಡಿಪಾಯ ಮಾತ್ರ ತೀರ ಸರಳವಾದದ್ದು: ಕೆಲವೇ ಸ್ವರಸಮೂಹಗಳು, ಮಕ್ಕಳೂ ಗುನುಗಬಲ್ಲ ಧಾಟಿ, ಪ್ರೇಮದ ಹಳೆಯ ವಿಷಯ. ಹುಚ್ಚು ಮತ್ತು ಮಿಠಾಯಿ ಎಂಬ ಎರಡು ಅರ್ಥಗಳನ್ನು ಬೆಸೆದ ಕೃತಿಯ ಹೆಸರೇ ಈ ಸಂಯೋಗವನ್ನು ಸಾರುತ್ತದೆ.

ಈ ಧಾಟಿಗಳು ಅವರದೇ ಸೃಷ್ಟಿಯಾದರೂ ಅವುಗಳ ವಂಶ ಹಳೆಯದು. ‘ಜಸ್ಟ್ ಲೈಕ್ ಹನಿ’ ಎಂಬ ಮೊದಲನೆಯ ಹಾಡು ಒಂದು ಡ್ರಮ್ಮಿನ ಬಡಿತದಿಂದ ಆರಂಭವಾಗುತ್ತದೆ. ಅಮೆರಿಕದ ‘ರಾನೆಟ್ಸ್’ ತಂಡದ ತರುಣಿಯರು 1963ರಲ್ಲಿ ಹಾಡಿದ ‘ಬಿ ಮೈ ಬೇಬಿ’ಯ ಆರಂಭದ ಬಡಿತವೇ ಅದು. ಆ ಹಾಡಿನ ನಿರ್ಮಾಪಕನಾದ ಫಿಲ್ ಸ್ಪೆಕ್ಟರ್ ಅನೇಕ ವಾದ್ಯಗಳನ್ನು ಒಟ್ಟಿಗೆ ನುಡಿಸಿ, ಪ್ರತಿಧ್ವನಿಯಲ್ಲಿ ಅದ್ದಿ, ಒಂದು ನಾದದ ಗೋಡೆಯನ್ನೇ ಕಟ್ಟುತ್ತಿದ್ದ. ಮತ್ತೊಂದು ಕಡೆ, 1967ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದ ನ್ಯೂಯಾರ್ಕಿನ ‘ವೆಲ್ವೆಟ್ ಅಂಡರ್‌ಗ್ರೌಂಡ್’ ತಂಡ ಕರ್ಕಶವಾದ ನಾದವನ್ನು ಹಾಡಿನೊಳಕ್ಕೆ ತಂದಿತ್ತು; ಅಲ್ಲಿಯೂ ಮೊರೀನ್ ಟಕ್ಕರ್ ಎಂಬಾಕೆ ಕೆಲವೇ ಡ್ರಮ್ಮುಗಳನ್ನು ನಿಂತು ಬಾರಿಸುತ್ತಿದ್ದಳು. ಸ್ಪೆಕ್ಟರನ ಗೋಡೆಯನ್ನು ಆರ್ಕೆಸ್ಟ್ರಾ ಇಲ್ಲದೆ, ಕೆಟ್ಟ ಸದ್ದಿನಿಂದಲೇ ಕಟ್ಟಬಹುದೆಂದು ಕಂಡುಕೊಂಡದ್ದು ರೀಡ್ ಸಹೋದರರ ಹೆಚ್ಚಳ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ ಆಲಂಕಾರಿಕರು ಅಲಂಕಾರವನ್ನು ಕಡಗ ಕುಂಡಲಗಳಿಗೆ ಹೋಲಿಸಿದ್ದಾರೆ. ಕಡಗವನ್ನು ತೆಗೆದಿರಿಸಿದರೆ ಶರೀರಕ್ಕೆ ಹಾನಿಯಿಲ್ಲ. ಈ ಕೃತಿಯಲ್ಲಿ ಗದ್ದಲವು ಅಂಥ ಕಡಗವೇ? ಉತ್ತರವನ್ನು ಕೃತಿಯೇ ಒದಗಿಸಿದೆ. ‘ಕಟ್ ಡೆಡ್’ ಎಂಬ ಐದನೆಯ ಹಾಡಿನಲ್ಲಿ ಗದ್ದಲ ಬಹುಮಟ್ಟಿಗೆ ಇಲ್ಲ. ಗಿಟಾರು ಮೆಲ್ಲನೆ ನುಡಿಯುತ್ತದೆ, ಜಿಮ್ ರೀಡನ ತಗ್ಗಿದ ದನಿ ಸ್ಪಷ್ಟವಾಗಿ ಕೇಳುತ್ತದೆ. ಇದನ್ನು ಬಿಡಿಯಾಗಿ ಕೇಳಿದರೆ ಇಂಪಾದ, ಸಾಧಾರಣವಾದ ಹಾಡು. ಆದರೆ ಭೋರ್ಗರೆಯುವ ಹಾಡುಗಳ ಬೆನ್ನಿಗೆ ಬಂದಾಗ ಅದರ ಮೌನವೇ ಭಾರವಾಗುತ್ತದೆ. ಕಿವಿ ಇಲ್ಲದ ಗದ್ದಲವನ್ನು ನಿರೀಕ್ಷಿಸುತ್ತದೆ. ಒಡನೆಯೇ ‘ಇನ್ ಎ ಹೋಲ್’ ಎಂಬ ಆರನೆಯ ಹಾಡು, ನನ್ನ ವಿದ್ಯಾರ್ಥಿಗಳು ಕಿವಿ ಮುಚ್ಚಿಕೊಂಡ ಹಾಡು, ಆ ನಿರೀಕ್ಷೆಯನ್ನು ಒಡೆದುಕೊಂಡು ನುಗ್ಗುತ್ತದೆ. ಗದ್ದಲವನ್ನು ತೆಗೆದರೆ ಏನು ಉಳಿಯುತ್ತದೆಂಬುದನ್ನು ಕೃತಿಕಾರರೇ ಒಮ್ಮೆ ತೋರಿಸಿದ್ದಾರೆ. ಉಳಿಯುವುದು ಧಾಟಿ, ಕಳೆದುಹೋಗುವುದು ಅದನ್ನು ಆಲಿಸುವ ಪ್ರಯತ್ನ.

ಈ ಪ್ರಯತ್ನದಲ್ಲಿಯೇ ಕೃತಿಯ ರಸವಿದೆ ಎಂಬುದು ನನ್ನ ಅಭಿಪ್ರಾಯ. ಗಾಯಕ ಎಂದೂ ಕೂಗುವುದಿಲ್ಲ. ಸುತ್ತ ಸಿಡಿಲು ಗುಡುಗುತ್ತಿರುವಾಗ ಅವನು ತನಗೆ ತಾನೇ ಹೇಳಿಕೊಳ್ಳುವಂತೆ ಹಾಡುತ್ತಾನೆ. ಸಂಕೋಚಸ್ವಭಾವದ ತರುಣನೊಬ್ಬನಿಗೆ ಪ್ರೇಮವನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೋ ಕೇಳುವವನಿಗೆ ಆ ಮಾತನ್ನು ಹಿಡಿಯುವುದು ಅಷ್ಟೇ ಕಷ್ಟವಾಗುತ್ತದೆ. ಗದ್ದಲವು ಮಾತನ್ನು ಮುಚ್ಚುತ್ತದೆ ಎಂಬುದಕ್ಕಿಂತ, ಹೇಳಲಾಗದಿರುವಿಕೆಯನ್ನು ಅದು ಕೇಳಿಸುತ್ತದೆ ಎಂಬುದು ಹೆಚ್ಚು ಸರಿ. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಅರ್ಥವೂ ತೋರುತ್ತದೆ. 1963ರ ಆ ನಿಷ್ಕಪಟವಾದ ಪ್ರೇಮಗೀತ 1985ರ ತರುಣರಿಗೆ ನೇರವಾಗಿ ದಕ್ಕುವಂತಿರಲಿಲ್ಲ. ಸವೆದ ಶಾಸನದ ಅಕ್ಷರಗಳಂತೆ, ನಡುವಿನ ಕಾಲವನ್ನು ದಾಟಿಯೇ ಅದು ಅವರನ್ನು ಮುಟ್ಟಬೇಕಾಗಿತ್ತು. ಆ ನಡುವಿನ ಕಾಲವನ್ನು ಅವರು ಮರೆಮಾಡಲಿಲ್ಲ. ಹಾಡಿನಲ್ಲಿಯೇ ಕೇಳುವಂತೆ ಇರಿಸಿದರು.

ಇತಿಹಾಸಕಾರರು ಸುಲಭವಾಗಿ ಬೀಳುವ ಒಂದು ಪ್ರಲೋಭನೆಯನ್ನು ಇಲ್ಲಿ ಹೇಳಬೇಕು. 1985ರಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ಮೀರಿತ್ತು. ಗಣಿಕಾರ್ಮಿಕರ ಒಂದು ವರ್ಷದ ಮುಷ್ಕರ ಆ ಮಾರ್ಚ್ ತಿಂಗಳಲ್ಲಿ ಸೋಲಿನಲ್ಲಿ ಮುಗಿಯಿತು. ಅದೇ ತಿಂಗಳ 15ರಂದು ಲಂಡನ್ನಿನ ಉತ್ತರ ಭಾಗದ ಪಾಲಿಟೆಕ್ನಿಕ್ ಒಂದರಲ್ಲಿ ಈ ತಂಡದ ಕಚೇರಿ ಗಲಭೆಯಲ್ಲಿ ಕೊನೆಗೊಂಡಿತು. ಇವುಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಗದ್ದಲವೆಂದರೆ ನಿರುದ್ಯೋಗಿಗಳ ಆಕ್ರೋಶ ಎಂದುಬಿಡುವುದು ಸುಲಭ. ಆದರೆ ಕೃತಿಯ ಹದಿನಾಲ್ಕು ಹಾಡುಗಳಲ್ಲಿ ಗಣಿಯೂ ಇಲ್ಲ, ಸರ್ಕಾರವೂ ಇಲ್ಲ. ಕಚೇರಿಗಳಾದರೋ ಇಪ್ಪತ್ತು ನಿಮಿಷಕ್ಕೇ ಮುಗಿಯುತ್ತಿದ್ದುದು ಪ್ರೇಕ್ಷಕರ ಕೋಪಕ್ಕೆ ಸಾಕಷ್ಟು ಕಾರಣವಾಗಿತ್ತು. ಆ ಗಲಭೆಗಳಿಂದ ತಂಡಕ್ಕೆ ಪ್ರಚಾರವೂ ದೊರೆಯಿತು. ಕಾಲವು ಕೃತಿಗೆ ಸಾಮಗ್ರಿಯನ್ನು ಒದಗಿಸಬಹುದು. ಅರ್ಥವನ್ನು ಮಾತ್ರ ಕೃತಿಯೊಳಗೇ ಅರಸಬೇಕು.

ದೋಷಗಳಿಲ್ಲವೆಂದಲ್ಲ. ಹಾಡುಗಳ ಸಾಹಿತ್ಯ ಕಿರಿದಾದ ವಲಯದಲ್ಲಿಯೇ ಸುತ್ತುತ್ತದೆ. ‘ಸೋಯಿಂಗ್ ಸೀಡ್ಸ್’ ಎಂಬ ಹಾಡು ಮೊದಲನೆಯ ಹಾಡಿನ ನೆರಳಿನಂತಿದೆ. ಎರಡನೆಯ ಭಾಗದಲ್ಲಿ ಗದ್ದಲವೇ ಅಭ್ಯಾಸವಾಗಿ, ಮೊದಲಿನ ಆಘಾತ ಮಂಕಾಗುತ್ತದೆ. ಇದು ಕೃತಿಕಾರರಿಗೂ ತಿಳಿದಿತ್ತೆಂದು ತೋರುತ್ತದೆ. 1987ರ ‘ಡಾರ್ಕ್‌ಲ್ಯಾಂಡ್ಸ್’ ಎಂಬ ಎರಡನೆಯ ಧ್ವನಿಮುದ್ರಿಕೆಯಲ್ಲಿ ಅವರು ಫೀಡ್‌ಬ್ಯಾಕನ್ನು ಬಹುಮಟ್ಟಿಗೆ ಕೈಬಿಟ್ಟರು. ಅದು ಒಳ್ಳೆಯ ಕೃತಿಯೇ; ಆದರೆ ಚೊಚ್ಚಲ ಕೃತಿಯ ಸ್ಥಾನ ಅದಕ್ಕೆ ದೊರೆಯಲಿಲ್ಲ. ಗದ್ದಲವು ಕಡಗವಾಗಿರಲಿಲ್ಲವೆಂಬುದಕ್ಕೆ ಇದು ಇನ್ನೊಂದು ಸಾಕ್ಷ್ಯ.

ಗದ್ದಲದ ಆ ದಾರಿಯನ್ನು ಬೇರೆಯವರು ಮುಂದುವರಿಸಿದರು. ‘ಮೈ ಬ್ಲಡಿ ವ್ಯಾಲೆಂಟೈನ್’ ತಂಡದ 1988ರ ‘ಇಸ್‌ಂಟ್ ಎನಿಥಿಂಗ್’, ‘ರೈಡ್’ ತಂಡದ 1990ರ ‘ನೋವ್ಹೇರ್’, ‘ಸ್ಲೋಡೈವ್’ ತಂಡದ 1991ರ ‘ಜಸ್ಟ್ ಫಾರ್ ಎ ಡೇ’ ಇವು ಆ ಪರಂಪರೆಯ ಮೈಲಿಗಲ್ಲುಗಳು. ಕಾಲಿನ ಬಳಿಯ ಯಂತ್ರಗಳನ್ನು ನೋಡುತ್ತ ತಲೆ ತಗ್ಗಿಸಿ ನುಡಿಸುತ್ತಿದ್ದ ಇವರಿಗೆ ‘ಷೂಗೇಜ್’, ಅಂದರೆ ಬೂಟು ದಿಟ್ಟಿಸುವವರು, ಎಂಬ ಅಡ್ಡಹೆಸರು ಪರಿಹಾಸ್ಯವಾಗಿ ಬಂದು, ಕೊನೆಗೆ ಒಂದು ಶೈಲಿಯ ಹೆಸರಾಗಿ ನಿಂತಿತು. ‘ಸೈಕೋಕ್ಯಾಂಡಿ’ಯಲ್ಲಿ ಧಾಟಿಗೂ ಗದ್ದಲಕ್ಕೂ ಘರ್ಷಣೆಯಿದ್ದರೆ, ಇವರಲ್ಲಿ ಗದ್ದಲವೇ ಕರಗಿ ಧಾಟಿಯಾಯಿತು.

ಪ್ರಕಟವಾದಾಗ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 31ನೆಯ ಸ್ಥಾನವನ್ನಷ್ಟೇ ಮುಟ್ಟಿದ ಕೃತಿ ಇದು. 2003ರಲ್ಲಿ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಲನಚಿತ್ರದ ಕೊನೆಯಲ್ಲಿ ‘ಜಸ್ಟ್ ಲೈಕ್ ಹನಿ’ ಕೇಳಿಬಂದ ಮೇಲೆ ಹೊಸ ತಲೆಮಾರೊಂದು ಆ ಹಾಡನ್ನು ಒಲಿದುಕೊಂಡಿತು. ಸಂತೋಷವೇ. ಆದರೆ ಅದು ಹದಿನಾಲ್ಕರಲ್ಲಿ ಸೌಮ್ಯವಾದ ಹಾಡುಗಳಲ್ಲಿ ಒಂದೆಂಬುದನ್ನು ಮರೆಯಬಾರದು. ಪ್ರಶಂಸೆಯು ಒಂದು ಕೃತಿಯಿಂದ ತನಗೆ ಹಿತವಾದುದನ್ನು ಆರಿಸಿಕೊಂಡು ಉಳಿದುದನ್ನು ಸದ್ದಿಲ್ಲದೆ ಬದಿಗಿರಿಸುತ್ತದೆ. ವಿಮರ್ಶೆ ಮಾಡಬೇಕಾದ ಕೆಲಸ ಆ ಉಳಿದುದನ್ನು ಮರಳಿ ಎದುರಿಗಿಡುವುದು.

ಆ ವಿದ್ಯಾರ್ಥಿಯ ಪ್ರಶ್ನೆಗೆ ನಾನು ಈಗ ಕೊಡುವ ಉತ್ತರ ಇಷ್ಟೇ: ಗದ್ದಲವನ್ನು ತೆಗೆದರೆ ಹಾಡು ಸುಲಭವಾಗುತ್ತದೆ, ಉತ್ತಮವಾಗುವುದಿಲ್ಲ. ಐದನೆಯ ಹಾಡನ್ನೂ ಆರನೆಯ ಹಾಡನ್ನೂ ನಡುವೆ ನಿಲ್ಲಿಸದೆ, ಕಿವಿ ಮುಚ್ಚಿಕೊಳ್ಳದೆ, ಒಮ್ಮೆ ಒಟ್ಟಿಗೆ ಕೇಳಿದರೆ ಈ ಮಾತಿನ ಸತ್ಯಾಸತ್ಯತೆಯನ್ನು ವಾಚಕರೇ ನಿರ್ಣಯಿಸಬಹುದು.