ಅನುಮತಿ ಕೇಳಿದರಷ್ಟೇ ಸಾಲದು

ಊಟ ತರಿಸಲು, ಹವಾಮಾನ ನೋಡಲು, ಬ್ಯಾಂಕಿನ ಕೆವೈಸಿ ಮುಗಿಸಲು ನಾವು ಬ್ರೌಸರ್‌ನಲ್ಲಿ ಒಂದು ಜಾಲತಾಣ ತೆರೆಯುತ್ತೇವೆ. ಪರದೆಯ ಮೇಲೆ ಪುಟ್ಟ ಚೌಕವೊಂದು ಮೂಡುತ್ತದೆ. ಈ ತಾಣಕ್ಕೆ ನಿಮ್ಮ ಲೊಕೇಶನ್ ಬೇಕು, ಕ್ಯಾಮೆರಾ ಬೇಕು, ಮೈಕ್ ಬೇಕು ಎಂದು ಅದು ಕೇಳುತ್ತದೆ. ಕೆಳಗೆ ಒಪ್ಪಲು ಒಂದು ಗುಂಡಿ, ನಿರಾಕರಿಸಲು ಇನ್ನೊಂದು. ಒಂದೂವರೆ ದಶಕದಿಂದ ಕೋಟ್ಯಂತರ ಜನರ ಖಾಸಗಿತನ ಕಾಯುವ ಹೊಣೆಯನ್ನು ವೆಬ್ ಲೋಕ ಬಹುಪಾಲು ಈ ಚೌಕಕ್ಕೇ ವಹಿಸಿದೆ. ಅದು ಆ ಹೊಣೆಯನ್ನು ಎಷ್ಟರ ಮಟ್ಟಿಗೆ ನಿಭಾಯಿಸಿದೆ ಎಂದು ನೋಡುವ ಕಾಲ ಬಂದಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಅನುಮತಿ ಕೇಳುವ ಪದ್ಧತಿ ಅಗತ್ಯ, ಆದರೆ ಅದೊಂದೇ ರಕ್ಷಣೆಯಾಗಲಾರದು. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಕೊಟ್ಟು ಮಿಕ್ಕದ್ದನ್ನು ಕೇಳಲೂ ಆಗದಂತೆ ತಂತ್ರಜ್ಞಾನವನ್ನು ರೂಪಿಸಿದ ಕಡೆಗಳಲ್ಲಿ ಮಾತ್ರ ಬಳಕೆದಾರರಿಗೆ ನಿಜವಾದ ರಕ್ಷಣೆ ಸಿಕ್ಕಿದೆ.

ಈ ಪದ್ಧತಿ ಜನಸಾಮಾನ್ಯರ ಅನುಭವಕ್ಕೆ ಬಂದದ್ದು ಜಿಯೋಲೊಕೇಶನ್ ಎಪಿಐ ಮೂಲಕ, ಅಂದರೆ ಬಳಕೆದಾರರಿರುವ ಜಾಗವನ್ನು ತಾಣಗಳು ಬ್ರೌಸರ್‌ನಿಂದ ಕೇಳಿ ಪಡೆಯುವ ವ್ಯವಸ್ಥೆಯ ಮೂಲಕ. 2009ರಲ್ಲಿ ಬಿಡುಗಡೆಯಾದ ಫೈರ್‌ಫಾಕ್ಸ್ 3.5 ಅದನ್ನು ಅಳವಡಿಸಿಕೊಂಡಿತು. ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2013ರಲ್ಲಿ ಅದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಬಳಕೆದಾರರು ಸ್ಪಷ್ಟವಾಗಿ ಒಪ್ಪದೆ ಯಾವ ತಾಣಕ್ಕೂ ಅವರಿರುವ ಜಾಗ ತಿಳಿಸಕೂಡದೆಂದು ಮಾನಕದಲ್ಲೇ ಬರೆದದ್ದು ದೊಡ್ಡ ಹೆಜ್ಜೆ. ಕೇಳುತ್ತಿರುವ ತಾಣ ಯಾವುದೆಂದು ಬ್ರೌಸರ್ ತಾನೇ ಹೆಸರಿಸಿ ತೋರಿಸುವುದೂ ಮೆಚ್ಚತಕ್ಕ ಗುಣ. 2016ರಲ್ಲಿ ಕ್ರೋಮ್ ಇನ್ನಷ್ಟು ಬಿಗಿಮಾಡಿ, ಎಚ್‌ಟಿಟಿಪಿಎಸ್ ಇಲ್ಲದ ತಾಣಗಳಿಗೆ ಲೊಕೇಶನ್ ಕೊಡುವುದನ್ನೇ ನಿಲ್ಲಿಸಿತು. ಗೂಢಲಿಪಿಯ ರಕ್ಷೆ ಇಲ್ಲದ ಸಂಪರ್ಕದಲ್ಲಿ ಅದೇ ವೈಫೈ ಬಳಸುವ ಇನ್ನೊಬ್ಬರು ನಡುವೆ ಕೂತು ಆ ಮಾಹಿತಿಯನ್ನು ಓದಬಹುದಾಗಿತ್ತು. ಆ ದಾರಿ ಮುಚ್ಚಿತು.

ಒಪ್ಪಿಗೆ ಕೊಟ್ಟ ಮೇಲೆ ಏನಾಗಬೇಕು ಎಂಬಲ್ಲಿ ಮಾನಕ ಸೋತಿತು. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್‌ನ ಜಿಯೋಪ್ರೈವ್ ತಂಡ ಆ ಹೊತ್ತಿಗಾಗಲೇ ಒಂದು ದಾರಿ ತೋರಿಸಿತ್ತು. ಲೊಕೇಶನ್ ಮಾಹಿತಿಯ ಜೊತೆಗೇ ಅದನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು, ಬೇರೆಯವರಿಗೆ ಕೊಡಬಹುದೇ ಎಂಬ ಬಳಕೆದಾರರ ಶರತ್ತೂ ಸಾಗಬೇಕೆಂಬುದು ಅದರ ವಿಚಾರ. ಡಬ್ಲ್ಯು3ಸಿ ತಂಡ ಇದನ್ನು ಒಪ್ಪಲಿಲ್ಲ. ಪಾಲಿಸುವ ಖಾತರಿ ಇಲ್ಲದ ಶರತ್ತು ಜನರಲ್ಲಿ ಹುಸಿ ಭರವಸೆ ಹುಟ್ಟಿಸುತ್ತದೆ ಎಂಬ ವಾದವಿತ್ತು; ಆ ವಾದದಲ್ಲಿ ತೂಕವೂ ಇದೆ. ಆದರೆ ಅದರ ಬದಲು ಬಂದದ್ದು ತಾಣಗಳಿಗೆ ಹೇಳಿದ ಬುದ್ಧಿಮಾತು: ಅಗತ್ಯವಿದ್ದಾಗ ಮಾತ್ರ ಕೇಳಿ, ಕೇಳಿದ ಕೆಲಸಕ್ಕೆ ಮಾತ್ರ ಬಳಸಿ. ಪಾಲಿಸದಿದ್ದರೆ ಬ್ರೌಸರ್ ಮಾಡಬಹುದಾದದ್ದು ಏನೂ ಇಲ್ಲ. ನಿಖರತೆಯ ವಿಷಯದಲ್ಲೂ ಹೀಗೆಯೇ ಆಯಿತು. ಹವಾಮಾನ ಹೇಳುವ ತಾಣಕ್ಕೆ ಊರಿನ ಹೆಸರು ಸಾಕು. ಎಪಿಐ ಕೊಡುವುದು ಅಕ್ಷಾಂಶ, ರೇಖಾಂಶ. ಹೆಚ್ಚಿನ ನಿಖರತೆ ಬೇಕೋ ಬೇಡವೋ ಎಂದು ಸೂಚಿಸುವ ಅಧಿಕಾರವನ್ನೂ ತಾಣಕ್ಕೇ ಕೊಟ್ಟರು, ಮಾಹಿತಿಯ ಒಡೆಯರಿಗೆ ಕೊಡಲಿಲ್ಲ. ಅಂದಾಜು ಸ್ಥಳವನ್ನಷ್ಟೇ ಕೊಡುವ ಆಯ್ಕೆ ಫೋನ್‌ಗಳಲ್ಲಿ ಬಂದದ್ದು 2020ರ ಐಒಎಸ್ 14 ಮತ್ತು 2021ರ ಆಂಡ್ರಾಯ್ಡ್ 12ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚಿನ ಈ ವಿಳಂಬಕ್ಕೆ ತಾಂತ್ರಿಕ ಅಡ್ಡಿ ಕಾರಣವೆಂದು ನನಗನ್ನಿಸುವುದಿಲ್ಲ; ಅದರ ಅಗತ್ಯವನ್ನು ಯಾರೂ ಮುಖ್ಯವೆಂದು ಎಣಿಸಲಿಲ್ಲ.

ಲೊಕೇಶನ್ ವಿಷಯದಲ್ಲಿ ಅನುಮತಿಯನ್ನಾದರೂ ಕೇಳಿದರು. ಬ್ಯಾಟರಿಯ ವಿಷಯದಲ್ಲಿ ಅದೂ ಇರಲಿಲ್ಲ. ಚಾರ್ಜ್ ಕಡಿಮೆಯಿದ್ದಾಗ ತಾಣಗಳು ಭಾರದ ಕೆಲಸಗಳನ್ನು ತಗ್ಗಿಸಲಿ ಎಂಬ ಸದುದ್ದೇಶದಿಂದ ಬ್ಯಾಟರಿ ಸ್ಟೇಟಸ್ ಎಪಿಐ ಹುಟ್ಟಿತು. ಇದರಿಂದ ಖಾಸಗಿತನಕ್ಕೆ ಆಗುವ ಧಕ್ಕೆ ತೀರಾ ಅಲ್ಪ, ಹಾಗಾಗಿ ಒಪ್ಪಿಗೆ ಕೇಳಬೇಕಾಗಿಲ್ಲ ಎಂದು ಮಾನಕವೇ ಹೇಳಿತ್ತು. 2015ರಲ್ಲಿ ಲುಕಾಶ್ ಒಲೆಯ್ನಿಕ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಒರೆಗೆ ಹಚ್ಚಿದರು. ಉಳಿದಿರುವ ಚಾರ್ಜ್ ಮತ್ತು ಅದು ಮುಗಿಯಲು ಹಿಡಿಯುವ ಸಮಯ, ಇವೆರಡನ್ನು ಜೋಡಿಸಿದರೆ ಸುಮಾರು 1 ಕೋಟಿ 40 ಲಕ್ಷ ಸಂಯೋಜನೆಗಳು ಸಾಧ್ಯ. ಆ ಅಂಕಿಗಳು ಬದಲಾಗುವುದು ಸುಮಾರು ಅರ್ಧ ನಿಮಿಷಕ್ಕೊಮ್ಮೆ. ಕುಕೀಗಳನ್ನು ಅಳಿಸಿ, ಖಾಸಗಿ ವಿಂಡೋದಲ್ಲಿ ಮತ್ತೆ ಬಂದವರನ್ನೂ ಆ ಅಲ್ಪಾವಧಿಯಲ್ಲಿ ಇವರೇ ಅವರು ಎಂದು ಗುರುತಿಸಲು ಅಷ್ಟು ಸಾಕು. ಲಿನಕ್ಸ್‌ನ ಫೈರ್‌ಫಾಕ್ಸ್ ಚಾರ್ಜ್ ಮಟ್ಟವನ್ನು ದಶಮಾಂಶದ ಹಲವು ಸ್ಥಾನಗಳವರೆಗೆ ಕೊಡುತ್ತಿದ್ದುದರಿಂದ ಬ್ಯಾಟರಿಯ ಸಾಮರ್ಥ್ಯವನ್ನೂ ಲೆಕ್ಕಹಾಕಬಹುದಾಗಿತ್ತು.

ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಎಂಗಲ್‌ಹಾರ್ಟ್ ಮತ್ತು ಅರವಿಂದ್ ನಾರಾಯಣನ್ 10 ಲಕ್ಷ ಜಾಲತಾಣಗಳನ್ನು ಪರಿಶೀಲಿಸಿ, ಜನರ ಜಾಡು ಹಿಡಿಯಲು ಬ್ಯಾಟರಿ ಮಾಹಿತಿಯನ್ನು ಬಳಸುತ್ತಿದ್ದ ಎರಡು ಸ್ಕ್ರಿಪ್ಟ್‌ಗಳನ್ನು ಕಂಡುಹಿಡಿದರು. ಅಲ್ಲಿಗೆ ಅಪಾಯ ಬರಿಯ ಊಹೆಯಾಗಿ ಉಳಿಯಲಿಲ್ಲ. 2017ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 52 ಈ ಸೌಲಭ್ಯವನ್ನು ಜಾಲತಾಣಗಳಿಂದ ಪೂರ್ತಿಯಾಗಿ ಹಿಂತೆಗೆದುಕೊಂಡಿತು. ಮುಕ್ತ ವೆಬ್‌ನ ಇತಿಹಾಸದಲ್ಲಿ ನಾನು ತುಂಬ ಗೌರವಿಸುವ ನಿರ್ಧಾರಗಳಲ್ಲಿ ಇದೂ ಒಂದು. ಒಮ್ಮೆ ಕೊಟ್ಟ ಸೌಲಭ್ಯವನ್ನು ಜನರ ಹಿತಕ್ಕಾಗಿ ಮರಳಿ ಪಡೆಯುವ ಧೈರ್ಯವನ್ನು ಸಾಫ್ಟ್‌ವೇರ್ ಲೋಕ ತೋರುವುದು ಅಪರೂಪ.

ಸೆನ್ಸರ್‌ಗಳ ಕಥೆಯೂ ಇದಕ್ಕಿಂತ ದೂರವಿಲ್ಲ. ಫೋನ್ ವಾಲುವುದನ್ನು, ತಿರುಗುವುದನ್ನು ಅಳೆಯುವ ಗೈರೊಸ್ಕೋಪ್ ಅಕ್ಕಪಕ್ಕದ ಮಾತಿನ ಕಂಪನವನ್ನೂ ಒಂದಿಷ್ಟು ಗ್ರಹಿಸಬಲ್ಲದು ಎಂದು 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರನ್ನು ಒಳಗೊಂಡ ತಂಡ ತೋರಿಸಿತು. ಬೆಳಕು ಅಳೆಯುವ ಸೆನ್ಸರ್‌ನಿಂದ, ಪರದೆಯ ಹೊಳಪಿನ ಏರಿಳಿತ ಹಿಡಿದು, ಬಳಕೆದಾರರು ಹಿಂದೆ ಯಾವ ತಾಣಗಳಿಗೆ ಭೇಟಿಕೊಟ್ಟಿದ್ದರೆಂದು ತಿಳಿಯಬಹುದೆಂದು 2017ರಲ್ಲಿ ಒಲೆಯ್ನಿಕ್ ಮತ್ತು ಆರ್ಟುರ್ ಯಾಂಟ್ಸ್ ತೋರಿಸಿದರು. ಆಪಲ್ 2019ರ ಐಒಎಸ್ 13ರಲ್ಲಿ ಚಲನೆಯ ಸೆನ್ಸರ್‌ಗಳಿಗೂ ಒಪ್ಪಿಗೆ ಕಡ್ಡಾಯ ಮಾಡಿತು. ನಿರುಪದ್ರವಿ ಎನ್ನಿಸುವ ಮಾಹಿತಿಯೂ ಬೇರೊಂದರ ಜೊತೆ ಸೇರಿದಾಗ ಗುರುತಿನ ಚೀಟಿಯಾಗಬಲ್ಲದು ಎಂಬುದಕ್ಕೆ ಇನ್ನೂ ಸಾಕ್ಷಿ ಬೇಕಾಗಿಲ್ಲ.

ಹಾಗಾದರೆ ಎಲ್ಲದಕ್ಕೂ ಅನುಮತಿ ಕೇಳಿಬಿಟ್ಟರೆ ಆಯಿತೇ? ನೋಟಿಫಿಕೇಶನ್‌ನ ಅನುಭವ ಇಲ್ಲ ಎನ್ನುತ್ತದೆ. ತಾಣ ತೆರೆದ ಕ್ಷಣವೇ ಸೂಚನೆ ಕಳಿಸಲು ಒಪ್ಪಿಗೆ ಕೇಳುವ ಚಾಳಿ ಎಷ್ಟು ಹೆಚ್ಚಿತೆಂದರೆ, ಕಡೆಗೆ ಬ್ರೌಸರ್‌ಗಳೇ ತಡೆ ಹಾಕಬೇಕಾಯಿತು. 2020ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 72, ಬಳಕೆದಾರರು ಪುಟದಲ್ಲಿ ಕ್ಲಿಕ್ ಮಾಡಿದ ಹೊರತು ಆ ಚೌಕವನ್ನು ತೋರಿಸುವುದಿಲ್ಲ ಎಂದಿತು. ಪದೇ ಪದೇ ಅದೇ ಪ್ರಶ್ನೆ ಎದುರಾದಾಗ ಮನುಷ್ಯ ಓದುವುದನ್ನು ಬಿಡುತ್ತಾನೆ. ಅವಸರದಲ್ಲಿರುವವರಿಗೆ ಆ ಚೌಕ ಕೆಲಸದ ನಡುವಿನ ಅಡಚಣೆ. ಅದು ತೊಲಗಲೆಂದು ಒತ್ತಿದ ಗುಂಡಿಯನ್ನು ಒಪ್ಪಿಗೆ ಎಂದು ಕರೆಯುವುದು ಅನ್ಯಾಯ. ಅಪಾಯ ಅಳೆಯುವ ಕಷ್ಟದ ಕೆಲಸವನ್ನು, ಅಳೆಯಲು ಬೇಕಾದ ತಿಳಿವಳಿಕೆ ಇಲ್ಲದವರ ಹೆಗಲಿಗೆ ದಾಟಿಸುವುದು ಈ ಪದ್ಧತಿಯ ಮೂಲ ದೋಷ.

ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ಕಣ್ಣೆದುರಿಗೇ ಇದೆ. ಅರ್ಜಿಗೆ ಫೋಟೋ ಲಗತ್ತಿಸುವಾಗ ತಾಣ ನಮ್ಮ ಇಡೀ ಗ್ಯಾಲರಿಯನ್ನು ನೋಡುವುದಿಲ್ಲ. ಬ್ರೌಸರ್ ಪಟ್ಟಿ ತೋರಿಸುತ್ತದೆ, ನಾವು ಒಂದನ್ನು ಆರಿಸುತ್ತೇವೆ, ಅದೊಂದೇ ತಾಣದ ಕೈಸೇರುತ್ತದೆ. 2020ರಲ್ಲಿ ಆಂಡ್ರಾಯ್ಡ್‌ನ ಕ್ರೋಮ್‌ಗೆ ಬಂದ ಕಾಂಟ್ಯಾಕ್ಟ್ ಪಿಕರ್ ಇದೇ ತತ್ತ್ವವನ್ನು ಫೋನ್‌ಬುಕ್‌ಗೆ ತಂದಿತು. ಆರಿಸಿದ ಹೆಸರುಗಳು ಮಾತ್ರ, ಆ ಒಂದು ಸಲಕ್ಕೆ ಮಾತ್ರ ಸಿಗುತ್ತವೆ. ಇಲ್ಲಿ ಪ್ರತ್ಯೇಕ ಪ್ರಶ್ನೆಯೇ ಬೇಡ. ನಾವು ಮಾಡುವ ಕೆಲಸದಲ್ಲೇ ಒಪ್ಪಿಗೆ ಅಡಗಿದೆ. ಈ ಮಾದರಿಗೂ ಮಿತಿಯಿದೆ. ಕಂಪ್ಯೂಟರಿಗೆ ಜೋಡಿಸಿದ ಸಾಧನವನ್ನು ಹೀಗೆಯೇ ಆರಿಸಿಕೊಡುವ ವೆಬ್‌ಯುಎಸ್‌ಬಿ ಮೂಲಕ, ಯೂಬಿಕೀ ನಿಯೋ ಎಂಬ ಭದ್ರತಾ ಕೀಲಿಯ ರಕ್ಷಣೆಯನ್ನೇ ದಾಟಬಹುದೆಂದು 2018ರಲ್ಲಿ ಇಬ್ಬರು ಸಂಶೋಧಕರು ತೋರಿಸಿದರು. ಆರಿಸುವವರಿಗೆ ಪರಿಣಾಮ ಊಹಿಸಲಾಗದ ಕಡೆ ಆಯ್ಕೆಯ ಸ್ವಾತಂತ್ರ್ಯ ಕಾಪಾಡುವುದಿಲ್ಲ.

2020ರ ಜೂನ್‌ನಲ್ಲಿ ಆಪಲ್ ಇಂಥ 16 ಎಪಿಐಗಳನ್ನು ಸಫಾರಿಯಲ್ಲಿ ಅಳವಡಿಸುವುದಿಲ್ಲ ಎಂದಿತು. ವೆಬ್ ಬ್ಲೂಟೂತ್, ವೆಬ್‌ಯುಎಸ್‌ಬಿ, ಬ್ಯಾಟರಿ ಸ್ಟೇಟಸ್ ಆ ಪಟ್ಟಿಯಲ್ಲಿದ್ದವು. ಗೂಗಲ್ ಅವುಗಳಲ್ಲಿ ಹಲವನ್ನು ಕ್ರೋಮ್‌ನಲ್ಲಿ ಕೊಟ್ಟಿತು. ಆಪಲ್‌ನ ಎಚ್ಚರ ಸರಿಯಾದದ್ದು, ಆದರೆ ನಿರಾಕರಣೆಯೊಂದೇ ಉತ್ತರವಾಗದು. ವೆಬ್‌ನಲ್ಲಿ ಸಿಗದ ಸೌಲಭ್ಯಕ್ಕಾಗಿ ಜನ ಆ್ಯಪ್ ಇಳಿಸಿಕೊಳ್ಳುತ್ತಾರೆ, ಅಲ್ಲಿ ಕಳೆದುಕೊಳ್ಳುವುದು ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ ಸಾಲದ ಆ್ಯಪ್‌ಗಳು ಇಡೀ ಫೋನ್‌ಬುಕ್ ಬಾಚಿಕೊಂಡು, ಕಂತು ತಪ್ಪಿದವರ ಬಂಧುಬಳಗಕ್ಕೆಲ್ಲ ಕರೆಮಾಡಿ ಮಾನ ಕಳೆದದ್ದನ್ನು ಕಂಡಿದ್ದೇವೆ. ಆ ಸಾಲಗಾರರೆಲ್ಲ ಕಾಂಟ್ಯಾಕ್ಟ್ ಅನುಮತಿಯ ಗುಂಡಿ ಒತ್ತಿದವರೇ. ಅವರನ್ನು ಕಾಪಾಡಲು ಬೇಕಾದದ್ದು ಇನ್ನೊಂದು ಚೌಕವಲ್ಲ, ನಿಷೇಧ. 2022ರ ಸೆಪ್ಟೆಂಬರ್‌ನ ಮಾರ್ಗಸೂಚಿಯಲ್ಲಿ ರಿಸರ್ವ್ ಬ್ಯಾಂಕ್ ಅದನ್ನೇ ಮಾಡಿತು. ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೈಲ್‌ಗಳಿಗೆ ಸಾಲದ ಆ್ಯಪ್‌ಗಳು ಕೈಹಾಕಕೂಡದು. ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಾದರೆ ಗ್ರಾಹಕರ ನೋಂದಣಿ, ಕೆವೈಸಿಗಾಗಿ ಒಂದೇ ಬಾರಿ, ಸ್ಪಷ್ಟ ಒಪ್ಪಿಗೆಯೊಂದಿಗೆ ಪಡೆಯಬಹುದು ಎಂದಿತು.

ಬ್ರೌಸರ್ ಕೈಚೆಲ್ಲುವ ಜಾಗದಿಂದ ಕಾನೂನು ಕೆಲಸ ಶುರುಮಾಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಗೆ ಮೇರೆ ಹಾಕಿದೆ. ಕಾಯ್ದೆಯೇ ಕೊಡುವ ಉದಾಹರಣೆ ಮಾರ್ಮಿಕವಾಗಿದೆ: ವೈದ್ಯರ ಸಲಹೆ ಕೊಡಿಸುವ ಆ್ಯಪ್ ಫೋನ್‌ಬುಕ್‌ಗೂ ಒಪ್ಪಿಗೆ ಕೇಳಿ, ಬಳಕೆದಾರರು ಕೊಟ್ಟೇಬಿಟ್ಟರೂ ಆ ಒಪ್ಪಿಗೆ ವೈದ್ಯಕೀಯ ಸೇವೆಗೆ ಮಾತ್ರ ಸೀಮಿತ, ಫೋನ್‌ಬುಕ್ ಆ ಸೇವೆಗೆ ಬೇಕಾಗಿಲ್ಲ. ಗುಂಡಿ ಒತ್ತಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂಬ ಈ ನಿಲುವು ವೆಬ್ ಮಾನಕಗಳು ಹದಿನೈದು ವರ್ಷದಲ್ಲಿ ಹೇಳಲಾರದ್ದನ್ನು ಹೇಳುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಕನ್ನಡವೂ ಸೇರಿ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕೆಂಬ ನಿಯಮವೂ ಸ್ವಾಗತಾರ್ಹ. ಆದರೆ ಇದೇ ಕಾಯ್ದೆಯಲ್ಲಿ ಸರ್ಕಾರ ತಾನು ಅಧಿಸೂಚಿಸುವ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ವಿಶಾಲ ಅವಕಾಶ ಇಟ್ಟುಕೊಂಡಿದೆ. ಪುಟ್ಟಸ್ವಾಮಿ ತೀರ್ಪಿನ ಬೆಳಕಿನಲ್ಲಿ ಇದು ಕಾಯ್ದೆಯ ದೊಡ್ಡ ಕೊರತೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಕಾಲ ಕೊಟ್ಟಿವೆ. ಕಾಯ್ದೆಯ ನಿಜವಾದ ಪರೀಕ್ಷೆ ಆಮೇಲೆ.

ಒಟ್ಟಾರೆ ನೋಡಿದರೆ, ಅನುಮತಿಯ ಚೌಕ ಕದ್ದುಕೊಳ್ಳುವುದನ್ನು ತಡೆದಿದೆ, ಕೇಳಿ ಪಡೆದದ್ದನ್ನು ದುರುಪಯೋಗ ಮಾಡುವುದನ್ನು ತಡೆದಿಲ್ಲ. ಹೊಸ ಎಪಿಐ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳು ಮೂರು: ಈ ಕೆಲಸ ಇನ್ನೂ ಕಡಿಮೆ ಮಾಹಿತಿಯಲ್ಲಿ ಆಗುವುದೇ? ಕೊಡಬೇಕಾದದ್ದನ್ನು ಬಳಕೆದಾರರೇ ಆರಿಸಬಹುದೇ? ಕೊಟ್ಟದ್ದು ಕೆಲಸ ಮುಗಿದ ಮೇಲೆ ಅಳಿಯುವುದೇ? ಬೆಂಗಳೂರಿನಲ್ಲಿ ಕೂತು ಜಗತ್ತಿಗೆಲ್ಲ ವೆಬ್ ಆ್ಯಪ್ ಕಟ್ಟುವ ಸಾವಿರಾರು ಎಂಜಿನಿಯರ್‌ಗಳು ಕನ್ನಡ ಓದಬಲ್ಲವರು. ಊರಿನ ಹೆಸರು ಸಾಕಾಗುವ ಕಡೆ ಅಕ್ಷಾಂಶ ಕೇಳಬೇಡಿ, ಒಂದು ನಂಬರ್ ಸಾಕಾಗುವ ಕಡೆ ಫೋನ್‌ಬುಕ್ ಕೇಳಬೇಡಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ. ಓದುಗರು ಇಂದೇ ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್ ತೆರೆದು, ಯಾವ ತಾಣಕ್ಕೆ ಯಾವ ಅನುಮತಿ ಉಳಿದುಕೊಂಡಿದೆ ನೋಡಿ, ಬೇಡದ್ದನ್ನು ತೆಗೆದುಹಾಕಲಿ.